ಮೂರು ಗಂಟೆಯ ರೋಗಿ, ಮೂರು ನಿಮಿಷದ ವೈದ್ಯರು: ಊರ ಸರ್ಕಾರಿ ಆಸ್ಪತ್ರೆಯ 'ಸ್ಪಂದನೆ' ಎಂದರೇನು?

ಮಳೆಗಾಲ ಕಾಲಿಟ್ಟು ಊರೂರಲ್ಲಿ ಜ್ವರ ಕಾಣಿಸಿಕೊಂಡಿತೆಂದರೆ ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: "ಆಸ್ಪತ್ರೆಯವರು ಸರಿಯಾಗಿ ಸ್ಪಂದಿಸುತ್ತಿಲ್ಲ." ಅದೇ ಆಸ್ಪತ್ರೆಯ ವೈದ್ಯರನ್ನು ಮಾತಾಡಿಸಿದರೆ, ಮಧ್ಯಾಹ್ನದ ಊಟಕ್ಕೂ ಏಳದೆ ಸಾಲು ಮುಗಿಸಿದ್ದೇನೆ, ಇದಕ್ಕಿಂತ ಹೆಚ್ಚು ಹೇಗೆ ಸ್ಪಂದಿಸಲಿ ಎಂದು ಅವರೂ ಕೇಳುತ್ತಾರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಸರ್ಕಾರ ಅಹವಾಲು ಕೇಳುವ ಸಭೆಗೂ 'ಜನಸ್ಪಂದನ' ಎಂದೇ ಹೆಸರಿಟ್ಟಿರುವುದರಿಂದ ಈ ಪದ ಎಲ್ಲರ ಬಾಯಲ್ಲೂ ಇದೆ. ಆದರೆ ಆರೋಗ್ಯದ ವಿಷಯದಲ್ಲಿ ಅದಕ್ಕೆ ನಿರ್ದಿಷ್ಟವಾದ ಅರ್ಥವೊಂದಿದೆ ಮತ್ತು ಅದನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ರೋಗಿಗಳೂ ವೈದ್ಯರೂ ಒಂದೇ ಭೇಟಿಯ ಬಗ್ಗೆ ಎರಡು ಬಗೆಯ ತೀರ್ಪು ಕೊಡುವುದು ಏಕೆ ಎಂಬುದನ್ನು ಅರಿಯಲು ಆ ಅರ್ಥದಿಂದಲೇ ಶುರುಮಾಡುವುದು ಅನುಕೂಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕ

ಊರಿನವರು 'ಸರ್ಕಾರಿ ಆಸ್ಪತ್ರೆ' ಅಥವಾ ಬರೀ 'ದವಾಖಾನೆ' ಎನ್ನುವ ಕಟ್ಟಡಕ್ಕೆ ಕಾಗದದಲ್ಲಿರುವ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರ. ಸ್ವಾತಂತ್ರ್ಯಕ್ಕೆ ಮುನ್ನವೇ, 1946ರಲ್ಲಿ, ಭೋರ್ ಸಮಿತಿಯು ಹಳ್ಳಿಗಳಿಗೆ ಹತ್ತಿರವಾದ ಇಂಥ ಕೇಂದ್ರಗಳ ಯೋಜನೆಯನ್ನು ಮುಂದಿಟ್ಟಿತ್ತು. ಈಗಿನ ಮಾನದಂಡದಂತೆ ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ 5,000 ಜನರಿಗೆ ಒಂದು ಉಪಕೇಂದ್ರವೂ ಇರಬೇಕು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ತಂದಿತು. 30,000 ಎಂಬುದು ಮಾನದಂಡದ ಅಂಕಿಯಷ್ಟೇ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಂಥ ಹರಡಿಕೊಂಡ ತಾಲ್ಲೂಕುಗಳಲ್ಲಿ ಜನಸಂಖ್ಯೆಗಿಂತ ದಾರಿಯೇ ದೊಡ್ಡ ಲೆಕ್ಕ. ಹಟ್ಟಿ, ತಾಂಡಾಗಳಿಂದ ಆಸ್ಪತ್ರೆಗೆ ಬರುವವರಿಗೆ ಕಿಲೋಮೀಟರ್ ಎಷ್ಟು ಎನ್ನುವುದಕ್ಕಿಂತ ಬಸ್ಸು ಎಷ್ಟು ಹೊತ್ತಿಗೆ ಎನ್ನುವುದು ಮುಖ್ಯವಾಗುತ್ತದೆ.

ಪದದ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯು 2000ನೇ ಇಸವಿಯ ತನ್ನ ವಿಶ್ವ ಆರೋಗ್ಯ ವರದಿಯಲ್ಲಿ, ಯಾವುದೇ ದೇಶದ ಆರೋಗ್ಯ ವ್ಯವಸ್ಥೆಗೆ ಮೂರು ಗುರಿಗಳಿರಬೇಕು ಎಂದಿತು: ಜನರ ಆರೋಗ್ಯ ಸುಧಾರಿಸಬೇಕು, ಚಿಕಿತ್ಸೆಯ ಖರ್ಚಿನ ಹೊರೆ ನ್ಯಾಯವಾಗಿ ಹಂಚಿಕೆಯಾಗಬೇಕು ಮತ್ತು ವ್ಯವಸ್ಥೆ ಜನರಿಗೆ ಸ್ಪಂದಿಸಬೇಕು. ಮೂರನೆಯದನ್ನು ಮೊದಲೆರಡರಿಂದ ಬೇರ್ಪಡಿಸಿದ್ದೇ ಆ ವರದಿಯ ವಿಶೇಷ. ರೋಗ ವಾಸಿಮಾಡುವುದರ ಹೊರತಾಗಿ, ತಮ್ಮನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಬಗ್ಗೆ ಜನರಿಗಿರುವ ನ್ಯಾಯವಾದ ನಿರೀಕ್ಷೆಗಳನ್ನು ವ್ಯವಸ್ಥೆ ಎಷ್ಟರಮಟ್ಟಿಗೆ ಪೂರೈಸುತ್ತದೆ ಎಂಬುದೇ ಸ್ಪಂದನೆ. 'ನ್ಯಾಯವಾದ' ಎಂಬ ವಿಶೇಷಣವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು; ಮುಂದೆ ಸೂಜಿಮದ್ದಿನ ಪ್ರಸಂಗದಲ್ಲಿ ಅದರ ಅಗತ್ಯ ಬೀಳುತ್ತದೆ.

ಒಂದು ಮದುವೆ ಮನೆಯನ್ನು ನೆನೆಸಿಕೊಳ್ಳಬಹುದು. ಅಡುಗೆ ರುಚಿಯಾಗಿತ್ತೇ ಎಂಬುದು ಒಂದು ಪ್ರಶ್ನೆ. "ಬರ್ರಿ, ಪಂಕ್ತಿಗೆ ಕೂತ್ಕೊಳ್ರಿ" ಎಂದು ಕರೆದವರಿದ್ದರೇ ಎಂಬುದು ಇನ್ನೊಂದು. ಊರಿಗೆ ಮರಳಿದ ಮೇಲೆ ಬೀಗರು ಏನು ಮಾತಾಡಿಕೊಂಡರು ಎಂಬುದು ಮೂರನೆಯದು. ಮೊದಲನೆಯದು ಚಿಕಿತ್ಸೆಯ ಗುಣಮಟ್ಟ, ಎರಡನೆಯದು ಸ್ಪಂದನೆ, ಮೂರನೆಯದು ತೃಪ್ತಿ. ಕಡಿಮೆ ನಿರೀಕ್ಷೆ ಇಟ್ಟುಕೊಂಡವರು ಕಳಪೆ ಉಪಚಾರದಲ್ಲೂ ತೃಪ್ತರಾಗಬಹುದು; ಹಾಗೆಂದು ಉಪಚಾರ ಚೆನ್ನಾಗಿತ್ತು ಎನ್ನಲಾಗದು.

ಸ್ಪಂದನೆಯನ್ನು ವರದಿ ಎರಡು ಗುಂಪುಗಳಾಗಿ ಬಿಡಿಸಿತು. ವ್ಯಕ್ತಿಗೆ ಕೊಡುವ ಗೌರವ ಎಂಬ ಗುಂಪಿನಲ್ಲಿ ಘನತೆಯಿಂದ ನಡೆಸಿಕೊಳ್ಳುವುದು, ಗುಟ್ಟು ಕಾಪಾಡುವುದು, ಚಿಕಿತ್ಸೆಯ ತೀರ್ಮಾನದಲ್ಲಿ ರೋಗಿಯ ಮಾತಿಗೂ ಜಾಗ ಕೊಡುವುದು ಸೇರಿದವು. ಅನುಕೂಲದ ಗುಂಪಿನಲ್ಲಿ ತಡಮಾಡದೆ ನೋಡುವುದು, ಕುಡಿಯುವ ನೀರು, ಶೌಚಾಲಯ, ಕೂರಲು ಜಾಗದಂಥ ಮೂಲ ಸೌಕರ್ಯ, ಮನೆಯವರು ಜೊತೆಗಿರಲು ಅವಕಾಶ ಮತ್ತು ಯಾರ ಬಳಿ ತೋರಿಸಬೇಕೆಂಬ ಆಯ್ಕೆ ಸೇರಿದವು. ತಿಳಿಯುವಂತೆ ವಿವರಿಸಿ ಹೇಳುವುದನ್ನು ಎಂಟನೆಯ ಅಂಶವಾಗಿ ಆಮೇಲೆ ಸೇರಿಸಲಾಯಿತು. ಹಳ್ಳಿಯವರಿಗೆ ಇಷ್ಟೆಲ್ಲ ಪಟ್ಟಿ ಬೇಕಿಲ್ಲ, "ಆ ಡಾಕ್ಟ್ರ ಕೈಗುಣ ಚಲೋ ಐತಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಕೈಗುಣ ಎಂಬ ಈ ಪದದಲ್ಲಿ ಔಷಧದ ಪರಿಣಾಮವೂ ವೈದ್ಯರ ನಡವಳಿಕೆಯೂ ಬೆರೆತುಹೋಗಿರುತ್ತವೆ, ಅವುಗಳನ್ನು ಬಿಡಿಸಿ ನೋಡುವುದೇ ಅಳತೆಗಾರರ ಕಷ್ಟ.

ಎರಡು ಗಡಿಯಾರಗಳು

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ದೊಡ್ಡಮ್ಮನಿಗೆ ಹತ್ತು ವರ್ಷದಿಂದ ಬಿಪಿ ಇದೆ. ಒಮ್ಮೆ ಅವರ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಎಂಟು ಗಂಟೆಗೆ ರೊಟ್ಟಿ ಕಟ್ಟಿಕೊಂಡು ಮನೆ ಬಿಟ್ಟೆವು, ಎಂಟೂವರೆಯ ಬಸ್ಸು ಒಂಬತ್ತಕ್ಕೆ ಬಂತು, ಚೀಟಿ ಮಾಡಿಸುವ ಕಿಟಕಿಯ ಎದುರು ಅರ್ಧ ಗಂಟೆ, ಜಗಲಿಯ ಮೇಲೆ ಒಂದೂಕಾಲು ಗಂಟೆ. ಒಳಗೆ ಹೋದ ಮೇಲೆ ಬಿಪಿ ಪಟ್ಟಿ ಕಟ್ಟಿ ಬಿಚ್ಚಿ, ಚೀಟಿಯಲ್ಲಿ ಎರಡು ಸಾಲು ಬರೆದು, "ಉಪ್ಪು ಕಮ್ಮಿ ಮಾಡಿ ಅಜ್ಜಿ" ಎಂದು ಹೇಳುವಷ್ಟರಲ್ಲಿ ಮೂರು ನಿಮಿಷವೂ ಆಗಿರಲಿಲ್ಲ. ಔಷಧದ ಕಿಟಕಿಯಲ್ಲಿ ಹತ್ತು ದಿನಕ್ಕಾಗುವಷ್ಟು ಮಾತ್ರೆ ಸಿಕ್ಕಿತು. ಹನ್ನೆರಡೂವರೆಯ ಬಸ್ಸಿಗೆ ಕಾಯುತ್ತಾ ದೊಡ್ಡಮ್ಮ ರೊಟ್ಟಿ ಗಂಟು ಬಿಚ್ಚಿದರು. ಆ ದಿನದ ಶೇಂಗಾ ಬಿಡಿಸುವ ಕೂಲಿ ಹೋಗಿತ್ತು.

ದೊಡ್ಡಮ್ಮನ ಗಡಿಯಾರ ಮನೆಯ ಹೊಸ್ತಿಲು ದಾಟಿದಾಗ ಶುರುವಾಗಿ ಮರಳಿ ಹೊಸ್ತಿಲು ತುಳಿದಾಗ ನಿಲ್ಲುತ್ತದೆ. ವೈದ್ಯರ ಗಡಿಯಾರ ರೋಗಿ ಸ್ಟೂಲಿನ ಮೇಲೆ ಕೂತಾಗ ಶುರುವಾಗಿ ಎದ್ದಾಗ ನಿಲ್ಲುತ್ತದೆ. "ತಡಮಾಡದೆ ನೋಡಿದರೇ?" ಎಂಬ ಒಂದೇ ಪ್ರಶ್ನೆಗೆ ಮೊದಲನೆಯವರು ಇಲ್ಲ ಎನ್ನುವುದೂ ಎರಡನೆಯವರು ಹೌದು ಎನ್ನುವುದೂ ಸಹಜವೇ. ಬಸ್ಸಿನ ವೇಳೆಯಾಗಲಿ, ಚೀಟಿ ಕಿಟಕಿಯಲ್ಲಿ ಎಷ್ಟು ಜನ ಕೂತಿದ್ದಾರೆ ಎಂಬುದಾಗಲಿ ವೈದ್ಯರ ಕೈಯಲ್ಲಿಲ್ಲ. ಆದರೆ ರೋಗಿಗೆ ಕಾಣುವ ವ್ಯವಸ್ಥೆಯ ಮುಖ ವೈದ್ಯರದೇ ಆಗಿರುವುದರಿಂದ ಬೇಸರವೆಲ್ಲ ಅವರ ಮೇಜಿನ ಮುಂದೆ ಬಂದು ಬೀಳುತ್ತದೆ.

ಆ ಮೂರು ನಿಮಿಷವೂ ನಮ್ಮ ಊರಿಗೆ ಮಾತ್ರ ಸೀಮಿತವಾದುದಲ್ಲ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡಿನಷ್ಟಿದ್ದರೆ ಸ್ವೀಡನ್ನಿನಲ್ಲಿ 22.5 ನಿಮಿಷದಷ್ಟಿದೆ ಎಂದು ತೋರಿಸಿತು. ಭಾರತದ ಲೆಕ್ಕ ಸುಮಾರು 2 ನಿಮಿಷ. ಸಮಯ ಹೆಚ್ಚಿದ್ದಲ್ಲೂ ಕೇಳಿಸಿಕೊಳ್ಳುವ ತಾಳ್ಮೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವಿದೆ: ರೋಗಿ ತನ್ನ ತೊಂದರೆ ಹೇಳಲು ಬಾಯಿ ತೆರೆದ ಸರಾಸರಿ 18 ಸೆಕೆಂಡಿನೊಳಗೆ ವೈದ್ಯರು ನಡುವೆ ಮಾತು ತೆಗೆಯುತ್ತಿದ್ದರು.

ತೆರೆದ ಬಾಗಿಲು, ಏಕವಚನ, ಬಹುವಚನ

ಕಾಯುವುದನ್ನಾದರೂ ನಿಮಿಷದಲ್ಲಿ ಎಣಿಸಬಹುದು. ಘನತೆ ಮತ್ತು ಗುಟ್ಟಿನ ವಿಷಯ ಹಾಗಲ್ಲ.

ಹಳ್ಳಿಯ ಅನೇಕ ಆಸ್ಪತ್ರೆಗಳಲ್ಲಿ ವೈದ್ಯರ ಮೇಜಿನ ಸುತ್ತ ಒಂದೇ ಹೊತ್ತಿಗೆ ಮೂರು ನಾಲ್ಕು ಜನ ನಿಂತಿರುತ್ತಾರೆ, ಬಾಗಿಲು ತೆರೆದಿರುತ್ತದೆ, ಹಿಂದಿನವರು ಮುಂದಿನವರ ಭುಜದ ಮೇಲಿಂದ ಚೀಟಿ ಚಾಚುತ್ತಿರುತ್ತಾರೆ. ಬಿಳಿ ಸೆರಗಿನ ತೊಂದರೆಯಿಂದ ಬಂದ ಹೆಂಗಸೊಬ್ಬರು, ಪಕ್ಕದಲ್ಲಿ ತಮ್ಮದೇ ಓಣಿಯ ಗಂಡಸು ನಿಂತಿರುವುದನ್ನು ಕಂಡು, "ಸೊಂಟ ನೋವು ಸರ್" ಎಂದಷ್ಟೇ ಹೇಳುತ್ತಾರೆ. ವೈದ್ಯರು ನೋವಿನ ಮಾತ್ರೆ ಬರೆಯುತ್ತಾರೆ. ಕೇಳಿದ ಮಾತಿಗೆ ಅದು ಸರಿಯಾದ ಮದ್ದೇ, ಆದರೆ ಹೇಳದೆ ಉಳಿದ ಮಾತಿಗೆ ಮದ್ದಾಗಲಿಲ್ಲ. ಸ್ಪಂದನೆ ಎಂಬುದು ರೋಗ ವಾಸಿಮಾಡುವುದಕ್ಕೆ ಹೊರತಾದದ್ದು ಎಂದು ವ್ಯಾಖ್ಯೆಯಲ್ಲಿ ಬೇರ್ಪಡಿಸಿದ್ದರೂ ಮೇಜಿನ ಮುಂದೆ ಅವೆರಡೂ ಹೀಗೆ ಒಂದಕ್ಕೊಂದು ತಳಕು ಹಾಕಿಕೊಂಡಿರುತ್ತವೆ. ಒಂದು ಹಸಿರು ಪರದೆ ಮತ್ತು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುವ ಒಬ್ಬ ಸಿಬ್ಬಂದಿ ಇದ್ದರೆ ಕಾಯಿಲೆಯ ಹೆಸರೇ ಬದಲಾಗಬಹುದಿತ್ತು.

ವೈದ್ಯರ ಬಳಿ ಇದಕ್ಕೂ ಉತ್ತರವಿದೆ. ಬಾಗಿಲು ಮುಂದೆ ಮಾಡಿದರೆ "ಒಳಗ ಏನ್ ನಡೆಸ್ಯಾರ" ಎಂಬ ಗೊಣಗಾಟ ಶುರುವಾಗುತ್ತದೆ, ಸಾಲು ಮುರಿಯುತ್ತದೆ; ಹೆಣ್ಣುಮಕ್ಕಳನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಸಿಸ್ಟರ್ ಜೊತೆಗಿರಬೇಕು, ಆ ಸಿಸ್ಟರ್ ಅದೇ ಹೊತ್ತಿಗೆ ಹೆರಿಗೆ ಕೋಣೆಯಲ್ಲಿರುತ್ತಾರೆ. ಅಂದರೆ ಗುಟ್ಟು ಕಾಪಾಡುವ ಮನಸ್ಸಿದ್ದರಷ್ಟೇ ಸಾಲದು, ಅದಕ್ಕೆ ಜನ ಬೇಕು, ಜಾಗ ಬೇಕು.

ಘನತೆಯನ್ನು ಅಳೆಯಲು ಕನ್ನಡದಲ್ಲಿ ಸುಲಭವಾದ ಸೂಚಕವೊಂದಿದೆ, ಬೇರೆ ಹಲವು ಭಾಷೆಗಳಿಗೆ ಆ ಅನುಕೂಲವಿಲ್ಲ. ಎಪ್ಪತ್ತು ದಾಟಿದ ಹಿರಿಯರಿಗೆ ಇಪ್ಪತ್ತೈದರ ಸಿಬ್ಬಂದಿ "ಏ, ಎಲ್ಲಿ ನಿನ್ ಚೀಟಿ" ಎನ್ನುವುದಕ್ಕೂ "ಯಜಮಾನ್ರೆ, ಚೀಟಿ ಕೊಡ್ರಿ" ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಾತಿನ ಕೊನೆಯ 'ರಿ' ಬಿದ್ದುಹೋದರೇ ಮುಖ ಸಣ್ಣದಾಗುತ್ತದೆ. ಆದರೂ ಎಚ್ಚರಿಕೆ ಬೇಕು. ಒಬ್ಬ ವೈದ್ಯರು "ಏನವ್ವಾ, ಮಾತ್ರೆ ತಗಂತಿಯೋ ಇಲ್ಲೋ" ಎಂದು ಏಕವಚನದಲ್ಲಿ ಕೇಳಿದರೂ ಅದು ಮನೆಮಗನ ಗದರಿಕೆಯಂತೆ ಕೇಳಿಸಬಹುದು. ಹಾಗಾಗಿ ಪ್ರಶ್ನಾವಳಿಯಲ್ಲಿ ಬರೀ "ಬಹುವಚನದಲ್ಲಿ ಮಾತಾಡಿಸಿದರೇ" ಎಂದು ಕೇಳಿ ಗುರುತು ಹಾಕಿಕೊಂಡರೆ ಅರ್ಧ ಸತ್ಯವೇ ಸಿಗುತ್ತದೆ.

"ಸೂಜಿ ಹಾಕಲಿಲ್ಲ" ಎಂಬ ದೂರು

ನ್ಯಾಯವಾದ ನಿರೀಕ್ಷೆ ಎಂಬ ಮಾತಿನ ಅಗತ್ಯ ಇಲ್ಲಿ ಬೀಳುತ್ತದೆ. ನೆಗಡಿ ಜ್ವರಕ್ಕೆ ಬಂದವರು ಒಂದು ಇಂಜೆಕ್ಷನ್ ಆದರೂ ಬೇಕೆನ್ನುತ್ತಾರೆ, ಸುಸ್ತೆಂದು ಬಂದವರು ಗ್ಲುಕೋಸ್ ಬಾಟಲಿ ಏರಿಸಿ ಎನ್ನುತ್ತಾರೆ. ವೈರಸ್ಸಿನಿಂದ ಬಂದ ಸಾಮಾನ್ಯ ನೆಗಡಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಅನಗತ್ಯ ಸೂಜಿಯಿಂದ ಕೀವುಗಟ್ಟುವ, ಸೋಂಕು ತಗಲುವ ಅಪಾಯವಿದೆ ಎಂದು ತಿಳಿದ ವೈದ್ಯರು ಕೊಡುವುದಿಲ್ಲ. ರೋಗಿ ಹೊರಗೆ ಬಂದು ಬರೀ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು ಎಂದು ಹೇಳಿ, ಸಂಜೆ ಕೂಲಿ ಮುಗಿಸಿ ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಾರೆ.

ವ್ಯಾಖ್ಯೆಯ ಪ್ರಕಾರ ಸೂಜಿ ಕೊಡದಿರುವುದು ಸ್ಪಂದನೆಯ ಕೊರತೆಯಲ್ಲ, ಏಕೆಂದರೆ ಔಷಧದ ಆಯ್ಕೆ ವೈದ್ಯಕೀಯ ತೀರ್ಮಾನ. ಏಕೆ ಕೊಡಲಿಲ್ಲ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು ಎಂದು ಹೇಳದಿರುವುದು ಮಾತ್ರ ಕೊರತೆಯೇ. ವಿವರಿಸುವುದಕ್ಕೆ ಒಂದೂವರೆ ನಿಮಿಷ ಬೇಕು, ಸೂಜಿ ಚುಚ್ಚಲು ಅರ್ಧ ನಿಮಿಷ ಸಾಕು ಎಂಬುದೇ ಇಲ್ಲಿನ ಕಹಿ ಲೆಕ್ಕ. ದೊಡ್ಡಾಸ್ಪತ್ರೆಗೆ ಬರೆದುಕೊಡುವುದರ ವಿಷಯವೂ ಹೀಗೆಯೇ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಕಳಿಸಿದಾಗ, ಜೀವಕ್ಕೆ ಅಪಾಯವಾಗಬಾರದೆಂದು ಕಳಿಸಿದೆ ಎಂದು ವೈದ್ಯರು ಭಾವಿಸಿದರೆ, ಕೈ ತೊಳೆದುಕೊಂಡರು ಎಂದು ಮನೆಯವರು ಭಾವಿಸುತ್ತಾರೆ.

ವೈದ್ಯರ ಮೇಜಿನ ಆಚೆ ಬದಿಯಿಂದ

ರೋಗಿಗೆ ಕಾಣುವುದು ಹೊರರೋಗಿ ವಿಭಾಗದ ಸಾಲು ಮಾತ್ರ. ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳ 2012ರ ಆವೃತ್ತಿಯಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನಕ್ಕೆ ಆರು ಗಂಟೆ, ಅಂದರೆ ಬೆಳಿಗ್ಗೆ ನಾಲ್ಕು, ಮಧ್ಯಾಹ್ನ ಎರಡು ಗಂಟೆ, ಹೊರರೋಗಿಗಳನ್ನು ನೋಡಬೇಕು. ಒಬ್ಬ ವೈದ್ಯರು ದಿನಕ್ಕೆ ಕನಿಷ್ಠ 40 ರೋಗಿಗಳನ್ನು ನೋಡಬೇಕೆಂಬುದು ನಿರೀಕ್ಷೆ. ಆದರೆ ಅದೇ ವೈದ್ಯರು ಕ್ಷಯ, ಕುಷ್ಠ, ಡೆಂಗಿಯಂಥ ರೋಗಗಳ ನಿಯಂತ್ರಣ ಕಾರ್ಯಕ್ರಮಗಳಿಗೂ, ಗುರುವಾರದ ಲಸಿಕೆಗೂ, ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಗೂ, ತಾಲ್ಲೂಕು ಮಟ್ಟದ ಸಭೆಗಳಿಗೂ, ಅಂತರ್ಜಾಲದಲ್ಲಿ ತುಂಬಬೇಕಾದ ವರದಿಗಳಿಗೂ ಹೊಣೆ. ವೈದ್ಯರು ಒಬ್ಬರೇ ಇರುವ ಕಡೆ ಸಭೆಯ ದಿನ ಕುರ್ಚಿ ಖಾಲಿ. ಅವರು ಕೆಲಸದಲ್ಲೇ ಇದ್ದರೂ ಆ ದಿನ ಬಂದ ರೋಗಿಯ ಪಾಲಿಗೆ "ಡಾಕ್ಟ್ರಿಲ್ಲ" ಅಷ್ಟೆ.

ಔಷಧದ್ದು ಇನ್ನೊಂದು ಕಥೆ. ಮಾತ್ರೆಗಳು ಬರುವುದು ರಾಜ್ಯ ಮಟ್ಟದ ಖರೀದಿಯ ಮೂಲಕ. ಬೇಡಿಕೆ ಪಟ್ಟಿ ಕಳಿಸಿದ ಮೇಲೆ ಬಂದದ್ದನ್ನು ಹಂಚಬೇಕು. ದಾಸ್ತಾನು ಕಡಿಮೆಯಿದ್ದಾಗ ತಿಂಗಳ ಬದಲು ಹತ್ತು ದಿನದ ಮಾತ್ರೆ ಕೊಡುವುದು ಎಲ್ಲರಿಗೂ ಸಿಗಲಿ ಎಂಬ ಲೆಕ್ಕದಿಂದ. ಅದೇ ಲೆಕ್ಕ ದೊಡ್ಡಮ್ಮನ ಪಾಲಿಗೆ ಒಂದರ ಬದಲು ಮೂರು ಬಸ್ ಪ್ರಯಾಣವಾಗುತ್ತದೆ.

ಭಾಷೆಯನ್ನೂ ಮರೆಯುವಂತಿಲ್ಲ. ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಊರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳಲ್ಲಿ ಉರ್ದು ಮನೆಮಾತು. ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಯ ಕುರಿತ ರಾಜ್ಯದ ಕಾಯ್ದೆ 2012ರದು. ಅದರಂತೆ ಒಂದು ವರ್ಷಕ್ಕೆಂದು ಬರುವ ಯುವ ವೈದ್ಯರಿಗೆ 'ಹೊಟ್ಟೆ ಉರಿ'ಯೂ 'ಹೊಟ್ಟೆ ಮುರಿತ'ವೂ ಬೇರೆ ಬೇರೆ ಎಂದು ತಿಳಿಯುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಅಳೆಯುವುದು ಹೇಗೆ?

2000ದ ವರದಿಯ ಅಳತೆಗೆ ಟೀಕೆ ಕಡಿಮೆ ಬರಲಿಲ್ಲ. 191 ದೇಶಗಳ ಸ್ಥಾನ ನಿರ್ಧರಿಸಿದ ಆ ವರದಿ ಸ್ಪಂದನೆಯ ಬಗ್ಗೆ ಕೇಳಿದ್ದು 35 ದೇಶಗಳ ತಿಳಿದವರನ್ನೇ ಹೊರತು ಸಾಲಿನಲ್ಲಿ ನಿಂತವರನ್ನಲ್ಲ. ಆಮೇಲೆ 2002 ಮತ್ತು 2003ರಲ್ಲಿ ನಡೆದ ವಿಶ್ವ ಆರೋಗ್ಯ ಸಮೀಕ್ಷೆಯು ಸುಮಾರು 70 ದೇಶಗಳಲ್ಲಿ ನೇರವಾಗಿ ಮನೆಗಳಿಗೇ ಹೋಯಿತು. ಭಾರತದಲ್ಲಿ ಆಯ್ಕೆಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಮನೆಗೆ ಹೋಗಿ ಕೇಳಿದರೂ ತೊಡಕು ತಪ್ಪುವುದಿಲ್ಲ. ಕೇರಳದಲ್ಲಿ ಜನರ ಆಯಸ್ಸು ಬಿಹಾರಕ್ಕಿಂತ ಬಹಳ ಹೆಚ್ಚು, ಆದರೂ ತಮಗೆ ಕಾಯಿಲೆಯಿದೆ ಎಂದು ಹೇಳುವವರೂ ಕೇರಳದಲ್ಲೇ ಹೆಚ್ಚು ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರ ಬರಹವೊಂದರಲ್ಲಿ ಎತ್ತಿ ತೋರಿಸಿದರು. ಓದು, ಆಸ್ಪತ್ರೆಗಳ ಒಡನಾಟ ಹೆಚ್ಚಿದ್ದಲ್ಲಿ ನಿರೀಕ್ಷೆಯೂ ಹೆಚ್ಚು. ಹಾಗೆಯೇ ಹೆಚ್ಚು ದೂರು ಬರುವ ಆಸ್ಪತ್ರೆ ಕೆಟ್ಟದ್ದೇ ಆಗಿರಬೇಕಿಲ್ಲ.

ಇದಕ್ಕೆ ಸಮೀಕ್ಷಕರು ಹೂಡಿದ ಉಪಾಯವನ್ನು ಮಂಡಕ್ಕಿ ಮಿರ್ಚಿಯ ಮೂಲಕ ಹೇಳಬಹುದು. ದಾವಣಗೆರೆಯವರು ಒಂದು ಮಿರ್ಚಿ ತಿಂದು "ಖಾರ ಇಲ್ಲ" ಎಂದರೆ, ಕರಾವಳಿಯಿಂದ ಬಂದ ನೆಂಟರು ಇನ್ನೊಂದು ತಿಂದು "ಬಾಯಿ ಉರಿಯಿತು" ಎಂದರೆ, ಯಾವ ಮಿರ್ಚಿ ಖಾರವೆಂದು ತಿಳಿಯುವುದಿಲ್ಲ. ಮೊದಲು ಇಬ್ಬರಿಗೂ ಒಂದೇ ಬಾಣಲೆಯ ಮಿರ್ಚಿ ಕೊಟ್ಟು ಅವರವರ ನಾಲಿಗೆಯ ಅಳತೆ ತಿಳಿದುಕೊಳ್ಳಬೇಕು. ಅದೇ ರೀತಿ, ಎಲ್ಲರಿಗೂ ಒಂದೇ ಕಲ್ಪಿತ ರೋಗಿಯ ಪ್ರಸಂಗವನ್ನು ಓದಿ ಹೇಳಿ, ಇದು ಎಷ್ಟು ಒಳ್ಳೆಯ ಉಪಚಾರ ಎಂದು ಕೇಳಲಾಗುತ್ತದೆ. ಆ ಉತ್ತರವನ್ನು ಆಧಾರವಾಗಿಟ್ಟುಕೊಂಡು ಅವರ ಸ್ವಂತ ಅನುಭವದ ಅಂಕವನ್ನು ಸರಿಹೊಂದಿಸಲಾಗುತ್ತದೆ.

ಎಲ್ಲಿ ಕೇಳುತ್ತೇವೆ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಆಸ್ಪತ್ರೆಯ ಜಗಲಿಯಲ್ಲೇ, ಸಿಸ್ಟರ್ ಕಿವಿಗೆ ಬೀಳುವಂತೆ ಕೇಳಿದರೆ "ಏನೂ ತೊಂದ್ರಿ ಇಲ್ರಿ, ಚಲೋ ನೋಡ್ತಾರ" ಎನ್ನುವವರು ಮನೆಯ ಕಟ್ಟೆಯ ಮೇಲೆ ಬೇರೆಯದನ್ನೇ ಹೇಳುತ್ತಾರೆ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ತಂದ 'ಮೇರಾ ಅಸ್ಪತಾಲ್' ವ್ಯವಸ್ಥೆ ಈ ಸಂಕೋಚ ತಪ್ಪಿಸಲು ರೋಗಿ ಮನೆ ಸೇರಿದ ಮೇಲೆ ಮೊಬೈಲ್ ಮೂಲಕ ಅಭಿಪ್ರಾಯ ಕೇಳುತ್ತದೆ. ಆದರೆ ಮೊಬೈಲು ಮಗನ ಜೇಬಿನಲ್ಲಿದ್ದರೆ ಉತ್ತರವೂ ಮಗನದೇ. ಇದರ ಜೊತೆಗೆ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಡಿ ಆಸ್ಪತ್ರೆಗಳಿಗೆ ಅಂಕ ನೀಡುವ ಎಂಟು ವಿಭಾಗಗಳಲ್ಲಿ ರೋಗಿಯ ಹಕ್ಕುಗಳದೂ ಒಂದು. ಪರದೆ ಇದೆಯೇ, ಒಪ್ಪಿಗೆ ಪಡೆಯುತ್ತಾರೆಯೇ ಎಂಬುದನ್ನು ಅಲ್ಲಿ ಪರಿಶೀಲಿಸುತ್ತಾರೆ.

ಹೇಳಿಕೊಳ್ಳುವ ಜಾಗ

ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆರೋಗ್ಯ ರಕ್ಷಾ ಸಮಿತಿ ಇರಬೇಕು. ಸ್ಥಳೀಯ ಪ್ರತಿನಿಧಿಗಳು ಇರುವ ಆ ಸಮಿತಿಗೆ ಸಣ್ಣಪುಟ್ಟ ಅಗತ್ಯಗಳಿಗೆ ಬಳಸುವ ಅನುದಾನವೂ ಇರುತ್ತದೆ. ಪರದೆ, ಬೆಂಚು, ಫ್ಯಾನು, ನೀರಿನ ಫಿಲ್ಟರಿನಂಥವನ್ನು ಅಲ್ಲಿ ಕೇಳಬಹುದು. ಆರೋಗ್ಯ ಇಲಾಖೆಯ 104 ಸಹಾಯವಾಣಿ ಸಲಹೆಯ ಜೊತೆಗೆ ದೂರನ್ನೂ ಸ್ವೀಕರಿಸುತ್ತದೆ. "ಸ್ಪಂದಿಸುತ್ತಿಲ್ಲ" ಎಂಬ ದೂರಿಗಿಂತ "ಚೀಟಿ ಕಿಟಕಿ ಒಂಬತ್ತೂವರೆಯಾದರೂ ತೆರೆಯುತ್ತಿಲ್ಲ" ಎಂಬ ದೂರಿಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಮಾತ್ರೆ ಹಳ್ಳಿಗೇ ಬಂದಾಗ

2018ರಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲಾಗುತ್ತಿದೆ. 2023ರಿಂದ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, 30 ವರ್ಷ ದಾಟಿದವರ ಬಿಪಿ, ಶುಗರ್ ಪರೀಕ್ಷಿಸುತ್ತಾರೆ, ವೈದ್ಯರು ಈಗಾಗಲೇ ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತಾರೆ. ಬಸ್ಸಿನ ದಾರಿಯೂ ಉಳಿಯುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಲೂ ಮೊಟಕಾಗುತ್ತದೆ. ಎರಡು ಗಡಿಯಾರಗಳನ್ನೂ ಒಂದೇ ಬಾರಿಗೆ ಸರಿಪಡಿಸಬಲ್ಲ ಏರ್ಪಾಡುಗಳು ವಿರಳ, ಇದು ಅವುಗಳಲ್ಲೊಂದು ಎಂಬುದು ನನ್ನ ಅಭಿಪ್ರಾಯ.

ದೊಡ್ಡಮ್ಮನಿಗೂ ಈಗ ಮಾತ್ರೆ ಸಿಗುವುದು ಪಕ್ಕದೂರಿನ ಉಪಕೇಂದ್ರದಲ್ಲಿ, ನಡೆದರೆ ಕಾಲು ಗಂಟೆಯ ದಾರಿ. ಅಲ್ಲಿನ ಅಧಿಕಾರಿ ಕೂರಿಸಿ, ಐದು ನಿಮಿಷ ಬಿಟ್ಟು, ಎರಡು ಸಲ ಬಿಪಿ ನೋಡುತ್ತಾರೆ. ಹೋದ ಹಬ್ಬಕ್ಕೆ ಊರಿಗೆ ಹೋದಾಗ, ಈಗ ಅನುಕೂಲವಾಯಿತಲ್ಲ ಎಂದು ಕೇಳಿದೆ. "ಆಯಮ್ಮ ಚಲೋ ಮಾತಾಡಸ್ತಾಳ, ಮಾತ್ರಿನೂ ಕೊಡ್ತಾಳ," ಎಂದರು ದೊಡ್ಡಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಡಾಕ್ಟ್ರು ನನ್ ಕೈ ಮುಟ್ಟಿ ನೋಡಿ ಎಷ್ಟು ದಿನ ಆತು," ಎಂದರು.